ಗಂಡಸಾದ ಮಗ

ಕೊಲ್ಲಾಪುರಮ್ಮ ಬಳೆಗಾರರ ಮನೆಯಲ್ಲಿ ಹುಟ್ಟಿದವಳಲ್ಲ. ಹುಟ್ಟಿದ್ದೂ ಕುರಿಯವರ ಮನೆಯಲ್ಲಿ, ಸೇರಿದ್ದೂ ಕುರಿಯವರ ಮನೆಯನ್ನೇ. ಚನ್ನರಾಯನದುರ್ಗದ ಬೆಟ್ಟದ ಹಿಂಬದಿಯ ಸಣ್ಣ ಊರಿಗೆ ಅವಳು ಸೊಸೆಯಾಗಿ ಬಂದಾಗ ಗಂಡ ಸಿದ್ದಗಂಗಯ್ಯನ ಹಿಂದೆ ದೊಡ್ಡ ಮಂದೆಯೇ ಇತ್ತು. ಮಗ ಅಂಜಿನಮೂರ್ತಿ ಅಂಬೆಗಾಲಿಡುವ ಹೊತ್ತಿಗೆ ಆ ಮನುಷ್ಯ ಮೇವು ಹುಡುಕುತ್ತ, ಕುರಿ ಹೊಡೆದುಕೊಂಡು ಪಾವಗಡ ದಾಟಿ ಆಂಧ್ರದ ಕಡೆಗೆ ಹೋದವನು ಮಳೆಗಾಲ ಬಂದರೂ ತಿರುಗಲಿಲ್ಲ. ಅಲ್ಲೆಲ್ಲೋ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ ಅನ್ನುವ ಸುದ್ದಿ ಮಾತ್ರ ಬಂತು.

ಊರು ಸಿದ್ದಗಂಗಯ್ಯನನ್ನು ಬೈಯಲಿಲ್ಲ. “ಗಂಡಸು, ಹೋದ” ಅಂದು ಸುಮ್ಮನಾಯಿತು. ಬೈದದ್ದೆಲ್ಲ ಕೊಲ್ಲಾಪುರಮ್ಮನನ್ನೇ. “ಕಟ್ಕೊಂಡ ಗಂಡನ್ನ ಇಟ್ಕೊಳ್ಳಾಕೆ ಆಗ್ದೋಳು” ಎಂದು ಬಾವಿಕಟ್ಟೆಯಲ್ಲಿ ಅವಳ ಕಿವಿಗೆ ಬೀಳುವ ಹಾಗೇ ಆಡಿಕೊಂಡರು. ಅವಳು ಕೇಳಿಸಿಕೊಂಡಳು, ಕೊಡ ಎತ್ತಿಕೊಂಡು ಬಂದಳು. ಆಮೇಲೆ ಮಧುಗಿರಿಯ ಬಳೆ ಅಂಗಡಿಯವರ ಕಾಲು ಹಿಡಿದು ಒಂದು ಬುಟ್ಟಿ ಗಾಜಿನ ಬಳೆ ತಂದು ಊರೂರು ಸುತ್ತತೊಡಗಿದಳು. ಗಂಡ ಸತ್ತಿದ್ದರೆ ಈ ಕಸುಬೂ ಅವಳಿಗೆ ದಕ್ಕುತ್ತಿರಲಿಲ್ಲ. ಗಂಡ ಸತ್ತವಳ ಕೈಯಲ್ಲಿ ಯಾರು ಬಳೆ ತೊಡಿಸಿಕೊಳ್ಳುತ್ತಾರೆ? ಬಿಟ್ಟು ಹೋದವನು ಎಲ್ಲೋ ಉಸಿರಾಡುತ್ತಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ಅವಳು ಮುತ್ತೈದೆ. ಆ ಮುತ್ತೈದೆತನವನ್ನೇ ಬುಟ್ಟಿಯಲ್ಲಿ ಹೊತ್ತು ಅವಳು ಮಗನನ್ನು ಸಾಕಿದಳು.

ಮಗನಿಗೆ ಅವಳು ಹೇಳುತ್ತಿದ್ದುದು ಎರಡು ಮಾತು. ಒಂದು, “ನಿಮ್ಮಪ್ಪನಂಗೆ ಆಗ್ಬ್ಯಾಡ ಕಣ್ಲಾ.” ಇನ್ನೊಂದು, “ಅಳ್ಬ್ಯಾಡ, ನೀನೇನು ಹೆಣ್ಣಾ?” ಮೊದಲನೆಯದನ್ನು ಹುಡುಗ ಚೆನ್ನಾಗಿಯೇ ಕಲಿತ. ಎರಡನೆಯದು ಅವನಿಗೆ ಹತ್ತಲಿಲ್ಲ. ಮರಿ ಹಾಕುವ ಯಾರದೋ ಕುರಿಯ ಪಕ್ಕದಲ್ಲಿ ಕೂತು ಅದರ ನೋವಿಗೆ ತಾನೂ ಕಣ್ಣೀರು ಹಾಕುತ್ತಿದ್ದ. ಅವ್ವ ಬಿಸಿಲಲ್ಲಿ ತಿರುಗಿ ಸೋತು ಬರುತ್ತಾಳೆಂದು ಚಿಕ್ಕವನಿದ್ದಾಗಲೇ ಹಿಟ್ಟು ತೊಳಸಿ ಮುದ್ದೆ ಕಟ್ಟುವುದನ್ನು ಕಲಿತ. ಅವಳು ಆ ಮುದ್ದೆಯನ್ನು ಕಣ್ಣು ತುಂಬಿಕೊಂಡು ಉಣ್ಣುತ್ತಿದ್ದಳು. ಆದರೆ ನೆಂಟರು ಬಂದು “ಸಾರು ಚೆನ್ನಾಗೈತೆ” ಅಂದರೆ, “ನಾನೇ ಮಾಡಿದ್ದು” ಅಂದುಬಿಡುತ್ತಿದ್ದಳು. ಮಗ ಒಲೆಯ ಮುಂದೆ ಕೂರುತ್ತಾನೆ ಅನ್ನಲು ಅವಳಿಗೆ ನಾಚಿಕೆ.

ಶೃತಿ ಸೊಸೆಯಾಗಿ ಬಂದ ಮೇಲೆ ಆ ನಾಚಿಕೆಯನ್ನು ಮುಚ್ಚಿಡುವುದು ಆಗಲಿಲ್ಲ. ತೋವಿನಕೆರೆಯ ಹುಡುಗಿ ಶೃತಿ ಎಸ್ಸೆಸ್ಸೆಲ್ಸಿ ಓದಿದ್ದಳು, ಮಧುಗಿರಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಅವಳಿಗೆ ಕೆಲಸವಿತ್ತು. ಬೆಳಕು ಹರಿಯುವಾಗ ಫ್ಯಾಕ್ಟರಿಯ ವ್ಯಾನು ರಸ್ತೆಗೆ ಬರುತ್ತಿತ್ತು, ದೀಪ ಹಚ್ಚುವ ಹೊತ್ತಿಗೆ ಅವಳನ್ನು ತಂದು ಇಳಿಸುತ್ತಿತ್ತು. ಮಗಳು ಹುಟ್ಟಿದ ಮೇಲೆ ಗಂಡ ಹೆಂಡಿರು ಕೂತು ಮಾತಾಡಿಕೊಂಡರು. ಸಂಬಳ ಬರುವುದು ಅವಳದ್ದು. ಅಂಜಿನಮೂರ್ತಿಗೆ ಇದ್ದದ್ದು ಮಳೆ ನಂಬಿದ ಕಡ್ಲೆಕಾಯಿ ಹೊಲ ಮತ್ತು ಒಂದಷ್ಟು ಮೇಕೆ. ಹಾಗಾಗಿ ಮನೆ ಅವನದಾಯಿತು. ಮಗುವಿಗೆ ನೀರು ಹುಯ್ಯುವುದು, ಎರಡು ಜಡೆ ಹಾಕುವುದು, ಅಂಗನವಾಡಿಗೆ ಬಿಡುವುದು ಎಲ್ಲ ಅವನೇ. ನೀರಿನ ತೊಟ್ಟಿಯ ಹತ್ತಿರ ಹೆಂಗಸರ ನಡುವೆ ಕೂತು ಬಟ್ಟೆ ಒಗೆಯುತ್ತಿದ್ದ. ಒಗೆಯುತ್ತ ಅವರ ಜೊತೆ ಮಾತಾಡುತ್ತಿದ್ದ, ನಗುತ್ತಿದ್ದ.

“ಅಮ್ಮಾವ್ರ ಗಂಡ” ಅನ್ನುವ ಹೆಸರು ಅವನಿಗೆ ಅಂಟಿಕೊಳ್ಳಲು ಬಹಳ ಸಮಯ ಹಿಡಿಯಲಿಲ್ಲ. ಗಂಡಸರಿಗಿಂತ ಮೊದಲು ಅಂದವರು ಹೆಂಗಸರೇ. ಪಕ್ಕದ ಮನೆಯ ನಾಗರತ್ನಮ್ಮ ಒಂದು ದಿನ ಕೊಲ್ಲಾಪುರಮ್ಮನನ್ನು ನಿಲ್ಲಿಸಿ, “ನಿನ್ ಸೊಸೆ ಪುಣ್ಯವಂತೆ ಬುಡಕ್ಕ, ಗಂಡನ ಕೈಲಿ ಸೀರೆ ಒಗೆಸ್ತಾಳೆ” ಅಂದಳು. ಕೊಲ್ಲಾಪುರಮ್ಮ ಮನೆಗೆ ಬಂದವಳೇ ಬುಟ್ಟಿ ಕುಕ್ಕಿದಳು.

“ಲೇ ಅಂಜಿನಾ, ಒಗೀಲೇಬೇಕು ಅಂದ್ರೆ ಹಿತ್ಲಲ್ಲಿ ಒಗಿ. ನಾಕು ಜನದ ಮುಂದೆ ಯಾಕ್ಲಾ ನನ್ ಮಾನ ಕಳೀತೀಯ?”

“ಹಿತ್ಲಲ್ಲಿ ನಲ್ಲಿ ಇಲ್ವಲ್ಲಮ್ಮ” ಅಂದು ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಸೊಸೆಯ ಮೇಲೆ ಸಿಟ್ಟು ಬಂತು, ಮಗನ ಮೇಲೆ ಇನ್ನೂ ಹೆಚ್ಚು ಬಂತು.

ಹೋದ ವರ್ಷ ಕಡ್ಲೆಕಾಯಿ ಕಿತ್ತ ಮೇಲೆ ಪಾವಗಡದ ಕಡೆಯಿಂದ ಕದಿರಯ್ಯ ಅನ್ನುವ ಕುರಿಯವನು ಮಂದೆ ಹೊಡೆದುಕೊಂಡು ಬಂದು ಊರಾಚೆಯ ಬಯಲಲ್ಲಿ ಇಳಿದಿದ್ದ. ಒಂದು ಮಧ್ಯಾಹ್ನ ಅವನ ಕುರಿಗಳು ಚೌಡಯ್ಯನ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದವು. ಚೌಡಯ್ಯ ಅಂದರೆ ಊರಿನಲ್ಲಿ ಮಾತು ನಡೆಯುವ ಮನುಷ್ಯ. ಅವನೂ ಅವನ ಅಕ್ಕನ ಮಗ ಪ್ರಭುದೇವನೂ ಇನ್ನೊಂದಿಬ್ಬರೂ ಸೇರಿ ಕದಿರಯ್ಯನನ್ನು ಎಳೆತಂದು ಅರಳಿಕಟ್ಟೆಯ ಹತ್ತಿರದ ಲೈಟುಕಂಬಕ್ಕೆ ಕಟ್ಟಿ ಬೆಲ್ಟಿನಲ್ಲಿ ಬಾರಿಸಿದರು. ವಯಸ್ಸಾದ ಆ ತೆಲುಗು ಮನುಷ್ಯ “ಅಮ್ಮಾ, ಅಮ್ಮಾ” ಅಂದು ಕೂಗುತ್ತಿದ್ದರೆ ಊರಿನ ಗಂಡಸರು ಕೈಕಟ್ಟಿ ನಿಂತಿದ್ದರು. ಕೆಲವರು ನಗುತ್ತಿದ್ದರು. ಅಂಗನವಾಡಿಯಿಂದ ಮಗುವನ್ನು ಎತ್ತಿಕೊಂಡು ಬರುತ್ತಿದ್ದ ಅಂಜಿನಮೂರ್ತಿ ಮಗುವನ್ನು ನಾಗರತ್ನಮ್ಮನ ಕೈಗೆ ಕೊಟ್ಟು, ನೆಟ್ಟಗೆ ಹೋಗಿ ಹಗ್ಗ ಬಿಚ್ಚಿದ. ಅವನಿಗೂ ಎರಡು ಏಟು ಬಿದ್ದವು. ಅವನು ಕೈ ಎತ್ತಲಿಲ್ಲ. ಕದಿರಯ್ಯನನ್ನು ಮನೆಗೆ ಕರೆತಂದು ಗಾಯಕ್ಕೆ ಅರಿಸಿನ ಹಚ್ಚಿ ಊಟಕ್ಕಿಕ್ಕಿದ. ಮಾರನೆಯ ದಿನ ಸುದ್ದಿ ತಿಳಿದು ಪೊಲೀಸರು ಬಂದು ಯಾರು ಹೊಡೆದದ್ದು ಅಂದಾಗ ಊರೆಲ್ಲ ನೆಲ ನೋಡುತ್ತಿತ್ತು. ಅಂಜಿನಮೂರ್ತಿ ಹೆಸರು ಹೇಳಿದ.

ಚೌಡಯ್ಯ ಒಂದು ಹಗಲೆಲ್ಲ ಠಾಣೆಯ ಬೆಂಚಿನ ಮೇಲೆ ಕೂರಬೇಕಾಯಿತು. ಆಮೇಲೆ ರಾಜಿಯಾಯಿತು, ಕದಿರಯ್ಯ ಮಂದೆ ಎಬ್ಬಿಸಿಕೊಂಡು ಹೋದ. ಆದರೆ ಊರಿನ ಬಾಯಿಗೆ ರಾಜಿ ಆಗಲಿಲ್ಲ. “ಗಂಡಸಾಗಿದ್ರೆ ಊರ ಕಡೆ ನಿಲ್ತಿದ್ದ. ಹೆಂಗಸ್ರಂಗೆ ಚಾಡಿ ಹೇಳ್ದ” ಅಂದರು. ಚಾಡಿ ಹೇಳದ ಹೆಂಗಸರೂ ಅದನ್ನೇ ಅಂದರು.

ಅದಾಗಿ ಸ್ವಲ್ಪ ದಿನಕ್ಕೆ, ಕೊಲ್ಲಾಪುರಮ್ಮ ಬುಟ್ಟಿ ಹೊತ್ತು ತೋವಿನಕೆರೆಗೆ ಹೊರಟಿದ್ದಾಗ ಪ್ರಭುದೇವ ಬೈಕು ನಿಲ್ಲಿಸಿದ.

“ದೊಡ್ಡಮ್ಮ, ಒಂದ್ ಡಜನ್ ಹಸಿರು ಬಳೆ ಕೊಡು. ಇರೋದ್ರಲ್ಲೇ ದೊಡ್ಡ ಸೈಜು.”

“ಯಾರಿಗ್ಲಾ? ನಿಮ್ಮಕ್ಕ ಬಂದವ್ಳಾ?”

“ಹೂಂ, ದಪ್ಪ ಕೈ.”

“ಅದೇನು ಕೈನೋ, ಗಂಡಸ್ರ ಕೈ ಇದ್ದಂಗೆ” ಎಂದು ನಗುತ್ತ ಅವಳು ಪೇಪರಿನಲ್ಲಿ ಸುತ್ತಿ ಕೊಟ್ಟಳು. ರಾಜಿಯಾಯಿತಲ್ಲ, ಹಳೆಯದನ್ನು ಮರೆತಿದ್ದಾನೆ ಅಂದುಕೊಂಡು ಒಂದು ಬಳೆ ಜಾಸ್ತಿಯೇ ಹಾಕಿದಳು.

ಸಂಜೆ ಬಸ್ಸಿಳಿದಾಗ ಅರಳಿಕಟ್ಟೆಯ ಸುತ್ತ ಜನ. ಹತ್ತಿರ ಹೋದರೆ ನಡುವೆ ಅವಳ ಮಗ. ತಲೆಯ ಮೇಲೆ ಯಾರದೋ ಹಳೆ ಸೀರೆ ಹೊದಿಸಿದ್ದರು, ಹಣೆಗೆ ಕುಂಕುಮ ಬಳಿದಿದ್ದರು. ಇಬ್ಬರು ಅವನ ಭುಜ ಅದುಮಿ ಹಿಡಿದಿದ್ದರು, ಪ್ರಭುದೇವ ಬಳೆ ತುರುಕುತ್ತಿದ್ದ. ಸುತ್ತ ನಿಂತವರ ಕೈಯಲ್ಲೆಲ್ಲ ಮೊಬೈಲು. ಅಂಜಿನಮೂರ್ತಿಯ ಕೈಯಿಂದ ರಕ್ತ ಸುರಿಯುತ್ತಿತ್ತು. ಬಳೆ ಯಾರ ಬುಟ್ಟಿಯದ್ದು ಅನ್ನುವುದು ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು.

“ಬುಡ್ರೋ! ಬುಡ್ರೋ ನನ್ ಮಗನ್ನ!” ಎಂದು ಬುಟ್ಟಿ ಎಸೆದು ನುಗ್ಗಿದಳು.

ಕಟ್ಟೆಯ ಮೇಲೆ ಕೂತಿದ್ದ ಚೌಡಯ್ಯ ಎದ್ದು ನಿಲ್ಲಲೂ ಇಲ್ಲ. “ಯಾಕಕ್ಕ ಅಂಗೆ ಕೂಗಾಡ್ತೀಯ? ನಾವೇನು ಕೆಟ್ ಕೆಲ್ಸ ಮಾಡಿದ್ವಾ? ಬಳೆ ತೊಡ್ಸೋದು ಕೆಟ್ಟದ್ದಾ? ನೀನು ದಿನಾ ಮಾಡೋದು ಅದನ್ನೇ ಅಲ್ವಾ?” ಅಂದ.

ಜನ ಗೊಳ್ಳೆಂದಿತು. ಇಪ್ಪತ್ತೈದು ಮೂವತ್ತು ವರ್ಷ ಕೊಲ್ಲಾಪುರಮ್ಮ ಅದೇ ಬಳೆಯಿಂದ ಈ ಮಗನಿಗೆ ಉಣ್ಣಿಸಿದ್ದಳು. ಅದೇ ಬಳೆ ಅವನ ಕೈಗೆ ಬಂದರೆ ಅವಮಾನ ಯಾಕೆ ಆಗಬೇಕು ಅನ್ನುವುದನ್ನು ಅವಳು ಯಾವತ್ತೂ ಯೋಚಿಸಿರಲಿಲ್ಲ, ಈಗ ಯೋಚಿಸುವ ಸ್ಥಿತಿಯಲ್ಲಿ ಇರಲಿಲ್ಲ. ಅವಳು ಚೌಡಯ್ಯನ ಕಡೆಯಿಂದ ತಿರುಗಿ ಮಗನ ಮೇಲೆಯೇ ಹಾಯ್ದಳು.

“ಏಳ್ಲಾ ಮೇಲೆ! ಗಂಡಸಲ್ವೇನ್ಲಾ ನೀನು? ಕಿತ್ತು ಬಿಸಾಕ್ಲಾ ಅದನ್ನ! ಒಂದೇಟು ಹೊಡಿಯಾಕೂ ಆಗಲ್ವೇನ್ಲಾ ನಿನ್ ಕೈಲಿ?”

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಅಂಜಿನಮೂರ್ತಿ ತಲೆ ಎತ್ತಿದ. ಚೌಡಯ್ಯನನ್ನಾಗಲಿ ಪ್ರಭುದೇವನನ್ನಾಗಲಿ ನೋಡಲಿಲ್ಲ. ತಾಯಿಯನ್ನು ನೋಡಿದ. ಆ ನೋಟ ಈಗಲೂ ಕೊಲ್ಲಾಪುರಮ್ಮನನ್ನು ಕೂತಲ್ಲಿ ಕೂರಲು ಬಿಡುವುದಿಲ್ಲ.

ಭುಜ ಹಿಡಿದವರು ಕೈ ಬಿಟ್ಟರು. ಸೀರೆ ಸರಿಸಿ ಅವನು ಎದ್ದು ಮನೆಗೆ ನಡೆದ. ಶೃತಿ ವ್ಯಾನಿಳಿದು ಬಂದವಳೇ ಅವನ ಕೈ ಹಿಡಿದು ಕೂತಳು. ವ್ಯಾನಿನಲ್ಲೇ ಯಾರದೋ ಮೊಬೈಲಿನಲ್ಲಿ ಅವಳು ಅದನ್ನು ನೋಡಿಯಾಗಿತ್ತು. ಸೋಪಿನ ನೊರೆ ಹಚ್ಚಿ ಉಳಿದ ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದಳು, ಗಾಜಿನ ಚೂರು ಆರಿಸಿದಳು. ಅವನು ಉಣ್ಣಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅವನ ಹಾಸಿಗೆ ಖಾಲಿ, ಫೋನು ಗೂಡಿನಲ್ಲಿ.

ಆಮೇಲಿನ ದಿನಗಳನ್ನು ಅತ್ತೆ ಸೊಸೆ ಹೇಗೆ ಕಳೆದರೋ. ಸುತ್ತಲಿನ ಬಾವಿಗಳನ್ನೆಲ್ಲ ಬಗ್ಗಿ ನೋಡಿದರು. ಕೆರೆಯ ಅಂಚಿನಲ್ಲಿ ಜೊಂಡು ಸರಿಸಿ ನೋಡಿದರು. ಬೆಟ್ಟದ ಕೋಟೆಯ ಮೇಲೆ ಹದ್ದು ಸುತ್ತುತ್ತಿದೆ ಎಂದು ಯಾರೋ ಅಂದದ್ದಕ್ಕೆ ಕೊಲ್ಲಾಪುರಮ್ಮ ಒಬ್ಬಳೇ ಬರಿಗಾಲಲ್ಲಿ ಬೆಟ್ಟ ಹತ್ತಿದಳು. ಅಲ್ಲಿ ಸತ್ತು ಬಿದ್ದಿದ್ದದ್ದು ಒಂದು ಕರು. ಕರುವಿನ ಪಕ್ಕದಲ್ಲೇ ಕೂತು ಅತ್ತಳು, ಅದು ಕರು ಅನ್ನುವ ಸಮಾಧಾನಕ್ಕೆ. ಠಾಣೆಗೆ ಹೋದರೆ ಪೇದೆ, “ಹೆಂಡ್ತಿ ಜೊತೆ ಜಗಳಾನಾ? ಗಂಡಸು ತಾನೆ, ಎಲ್ಲಿಗೆ ಹೋಗ್ತಾನೆ, ಬತ್ತಾನೆ ಹೋಗಮ್ಮ” ಅಂದ. ಸಿರಾ ಬಸ್ ಸ್ಟ್ಯಾಂಡಿನಲ್ಲಿ, ಮಧುಗಿರಿಯಲ್ಲಿ, ಕೊರಟಗೆರೆಯಲ್ಲಿ ಅವಳು ಮಗನ ಫೋಟೋ ಹಿಡಿದು ಅಂಗಡಿ ಅಂಗಡಿ ಹತ್ತಿ ಇಳಿದಳು. ಸಿರಾದ ಹಣ್ಣಿನ ಸಾಬರೊಬ್ಬರು ಫೋಟೋ ನೋಡಿ, “ಅರೆ, ಇವ್ರು ಬಳೆ ವೀಡಿಯೋದವ್ರಲ್ವಾ ಅಮ್ಮಾ?” ಅಂದರು. ಮಗ ಎಲ್ಲೂ ಸಿಗುತ್ತಿರಲಿಲ್ಲ, ಅವನ ಅವಮಾನ ಮಾತ್ರ ಎಲ್ಲ ಕಡೆಯೂ ಅವಳಿಗಿಂತ ಮೊದಲು ಹೋಗಿ ಕೂತಿತ್ತು.

ಹಬ್ಬವೊಂದು ಕಳೆದ ಮೇಲೆ ಶೃತಿಯ ಫೋನಿಗೆ ಕದಿರಯ್ಯನ ಕರೆ ಬಂತು. “ಏಡವಾಕು ತಲ್ಲೀ, ಅಳ್ಬ್ಯಾಡ. ನಿನ್ ಗಂಡ ಇಕ್ಕಡೇ ಅವ್ನೆ. ನಮ್ ಕ್ಯಾತಗಾನಚೆರ್ಲು ಸೋಲಾರ್‌ನಲ್ಲಿ ಪ್ಲೇಟು ತೊಳೆಯೋ ಕೂಲಿ. ನಾನು ಸೇರ್ಸಿದ್ದು. ಹೇಳ್ಬ್ಯಾಡ ಅಂದಿದ್ದ, ನಂಗೆ ಮನಸ್ಸು ತಡೀಲಿಲ್ಲ.”

ಶೃತಿಗೆ ರಜೆ ಸಿಗಲಿಲ್ಲ. ಕೊಲ್ಲಾಪುರಮ್ಮ ಬಸ್ಸು ಹತ್ತಿದಳು. ಪಾವಗಡದಿಂದ ಆಚೆ ಹೋಗುತ್ತ ಹೋಗುತ್ತ ಹೊಲಗಳೇ ಕಾಣದಾದವು. ನೆಲದ ತುಂಬ ಸೋಲಾರಿನ ಕಪ್ಪು ಗಾಜಿನ ಹಲಗೆಗಳು. ಕೂಲಿಯವರ ತಗಡಿನ ಶೆಡ್ಡಿನ ಹತ್ತಿರ ಹೋದಾಗ ಕೆಲಸ ಮುಗಿದು ಗಂಡಸರು ಕೂತಿದ್ದರು. ಮಗ ಮೀಸೆ ಬಿಟ್ಟಿದ್ದ. ಎದುರಿಗೆ ಸಣಕಲ ಹುಡುಗನೊಬ್ಬ ಭಾರದ ಪೈಪು ಎತ್ತಲಾರದೆ ತಿಣುಕುತ್ತಿದ್ದ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಅಂಜಿನಮೂರ್ತಿ ಕೂಗಿದ. “ಏ ಹೆಣ್ಣಿಗ! ಬಳೆ ತೊಟ್ಕೊಂಡಿದ್ದೀಯೇನ್ಲಾ?”

ಸುತ್ತಲಿನವರು ನಕ್ಕರು. ಕೊಲ್ಲಾಪುರಮ್ಮ ಬೇಲಿಯ ಕಂಬ ಹಿಡಿದುಕೊಂಡಳು. ಸತ್ತಿಲ್ಲ, ಸಿಕ್ಕಿದ ಎಂದು ಓಡಿಹೋಗಿ ತಬ್ಬಿಕೊಳ್ಳಬೇಕಿದ್ದವಳು ಬೇಲಿಯ ಈಚೆಗೇ ನಿಂತಳು.

“ಮನೆಗೆ ಬಾರಪ್ಪ” ಎಂದು ಅವಳು ಬೇಡಿಕೊಂಡಾಗ ಅವನು ತಕರಾರು ಮಾಡಲಿಲ್ಲ. ಬಸ್ಸಿನಲ್ಲಿ ಅವಳ ಪಕ್ಕ ಕೂರಲಿಲ್ಲ, ಹಿಂದಿನ ಸೀಟಿನಲ್ಲಿ ಕೂತ. ಅವನ ಬಾಯಿಂದ ಹೆಂಡದ ವಾಸನೆ ಬರುತ್ತಿತ್ತು. ಕದಿರಯ್ಯ ಬಸ್ಸಿನವರೆಗೂ ಬಂದು ಅವಳ ಕೈಗೆ ಮಂಡಕ್ಕಿ ಪೊಟ್ಟಣ ಕೊಟ್ಟು, “ಬಂದಾಗ ಬಂಗಾರಂ ಅಮ್ಮಾ. ಈಗ ಯಾಕೋ ಇಂಗಾಗವ್ನೆ” ಅಂದು ತಲೆ ತಗ್ಗಿಸಿದ.

ಮನೆಗೆ ಬಂದವನು ಒಲೆಯ ಕಡೆ ತಲೆ ಹಾಕಲಿಲ್ಲ. ಮಗಳು “ಅಪ್ಪಾ ಜಡೆ” ಎಂದು ಬಾಚಣಿಗೆ ಹಿಡಿದು ಬಂದರೆ “ನಿಮ್ಮಮ್ಮಂಗೆ ಹೇಳು” ಅಂದ. ತಟ್ಟೆ ಕೂತಲ್ಲಿಗೆ ಬರಬೇಕು, ನೀರು ಕೇಳುವ ಮೊದಲೇ ಇರಬೇಕು. ಫ್ಯಾಕ್ಟರಿ ಬಿಡು ಎಂದು ಶೃತಿಗೆ ಹೇಳಿದ. ಅವಳು, “ಬುಟ್ರೆ ಉಣ್ಣೋದೇನು?” ಅಂದಳು. ಒಂದು ಸಂಜೆ ದಾರಿಯಲ್ಲಿ ವ್ಯಾನು ಕೆಟ್ಟು ತಡವಾಯಿತು. ಅವನು ಬಾಗಿಲಲ್ಲೇ ನಿಂತಿದ್ದ.

“ಯಾವನ ಜೊತೆ ಇದ್ದೆ?”

“ವ್ಯಾನ್ ಕೆಟ್ಟಿತ್ತು. ಬೇಕಾದ್ರೆ ಡ್ರೈವರ್‌ಗೆ...”

ಮಾತು ಮುಗಿಯುವ ಮೊದಲೇ ಕೆನ್ನೆಗೆ ಬಿತ್ತು. ಶೃತಿ ಬಾಗಿಲ ಚೌಕಟ್ಟಿಗೆ ತಾಕಿ ಕೂತುಬಿಟ್ಟಳು. ಮಗು ಚೀರಿಕೊಂಡು ಅಜ್ಜಿಯ ಸೆರಗಿನೊಳಗೆ ಹೊಕ್ಕಿತು.

“ಲೇ ಅಂಜಿನಾ!” ಎಂದು ಕೊಲ್ಲಾಪುರಮ್ಮ ಕಿರುಚಿದಳು. “ಏನ್ಲಾ ಆಗೈತೆ ನಿಂಗೆ?”

ಅವನು ತಾಯಿಯ ಕಡೆ ತಿರುಗಿದ. ದನಿ ಎತ್ತರಿಸಲೂ ಇಲ್ಲ. “ಹೊಡೆಯಾಕೆ ಆಗಲ್ವಾ ಅಂತ ನೀನೇ ಕೇಳಿದ್ದಲ್ಲ, ಕಟ್ಟೆ ಮುಂದೆ? ಆಯ್ತದೆ.”

ಮಾರನೆಯ ದಿನ ನಾಗರತ್ನಮ್ಮ ಬೇಲಿಯಾಚೆಯಿಂದಲೇ, “ಒಂದೇಟು ಬಿತ್ತಂತೆ? ಬುಡಕ್ಕ, ಈಗ ಮನೆ ಮನೆ ಇದ್ದಂಗಾಯ್ತು” ಅಂದಳು. ಅಂಜಿನಮೂರ್ತಿಯನ್ನು ಈಗ ಯಾರೂ ಅಮ್ಮಾವ್ರ ಗಂಡ ಅನ್ನುತ್ತಿರಲಿಲ್ಲ. ಕಟ್ಟೆಯ ಮೇಲೆ ಅವನಿಗೆ ಜಾಗ ಬಿಡುತ್ತಿದ್ದರು. ಬಳೆ ತೊಡಿಸಿದ ಪ್ರಭುದೇವನೇ ಅವನಿಗೆ ಬೀಡಿ ಹಚ್ಚಿಕೊಡುತ್ತಿದ್ದ.

ಏಟುಗಳು ಒಂದಕ್ಕೆ ನಿಲ್ಲಲಿಲ್ಲ. ಒಂದು ದಿನ ಶೃತಿಯ ತುಟಿ ಒಡೆದು, ಆ ಮುಖದಲ್ಲಿ ಹೇಗೆ ಕೆಲಸಕ್ಕೆ ಹೋಗಲಿ ಎಂದು ಅವಳು ಮೂಲೆ ಹಿಡಿದಾಗ ಕೊಲ್ಲಾಪುರಮ್ಮ ತಡೆಯಲಾರದೆ ಅರಳಿಕಟ್ಟೆಗೆ ಹೋದಳು. ಮಗ ಅಲ್ಲಿರಲಿಲ್ಲ, ಚೌಡಯ್ಯ ಇದ್ದ, ನಾಲ್ಕು ಜನ ಇದ್ದರು. ಅವಳು ಕಟ್ಟೆಯ ಕೆಳಗೆ ನೆಲದ ಮೇಲೆ ಕೂತು ಸೆರಗೊಡ್ಡಿದಳು.

“ಚೌಡಣ್ಣ, ನೀವೇ ಮಾಡಿದ್ದು ಇದನ್ನ. ನನ್ ಮಗ ಇರುವೆ ತುಳ್ದೋನಲ್ಲ. ಆ ಮಗನ್ನ ನಂಗೆ ವಾಪಸ್ ಕೊಡ್ರಪ್ಪ. ಅವನಿಗೆ ಒಂದ್ ಮಾತು ಹೇಳ್ರಪ್ಪ, ನಿಮ್ಮಾತು ಕೇಳ್ತಾನೆ.”

ಚೌಡಯ್ಯನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಅವನ ಮುಖದಲ್ಲಿ ಕೊಂಕಿರಲಿಲ್ಲ. ಸಮಾಧಾನ ಹೇಳುವವನ ಹಾಗೆ ಬಗ್ಗಿ ಅಂದ. “ಯಾಕಕ್ಕ ಅಳ್ತೀಯ? ನಿನ್ ಮಗ ದಾರಿಗೆ ಬಂದವ್ನೆ. ಗಂಡಸಾಗವ್ನೆ. ಹೆಂಡ್ತಿ ಅಂದ್ಮೇಲೆ ಒಂದೇಟು ಬರ್ತೈತೆ, ಹೋಯ್ತೈತೆ. ಖುಷಿ ಪಡೋದ್ ಬುಟ್ಟು...” ಉಳಿದವರೂ ಹೌದೌದು ಅಂದರು. ಒಬ್ಬ ಅವಳಿಗೆ ಎಂದು ಟೀ ತರಿಸಿದ. ಆ ಟೀ ಲೋಟ ಕೈಯಲ್ಲಿ ಹಿಡಿದು ಅವಳು ಸುತ್ತ ನೋಡಿದಳು. ಬೈದರೆ ಯಾರನ್ನು ಬೈಯುವುದು? ಅವರು ಆಡಿದ ಒಂದೊಂದು ಮಾತನ್ನೂ ಅವಳು ತನ್ನ ಬಾಯಲ್ಲಿ ಆಡಿದ್ದಳು, ಮೂವತ್ತು ವರ್ಷ ಆಡಿದ್ದಳು. ಟೀ ಕುಡಿಯದೆ ಲೋಟ ಇಟ್ಟು ಎದ್ದು ಬಂದಳು.

ಮನೆಗೆ ಬಂದವಳೇ ಸೊಸೆಯ ಬಟ್ಟೆಯನ್ನು ತಾನೇ ಬ್ಯಾಗಿಗೆ ತುಂಬಿದಳು. “ನಾಳೆ ವ್ಯಾನ್ ಹತ್ತಿದ್ರೆ ತಿರುಗಿ ಬರ್ಬ್ಯಾಡ ಕಣವ್ವ. ಮಧುಗಿರೀಲೇ ಒಂದ್ ರೂಮ್ ನೋಡ್ಕೋ. ಮಗೀನೂ ಕರ್ಕೊಂಡೋಗು.”

ಶೃತಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಆರು ವರ್ಷದಲ್ಲಿ ಆ ಬಾಯಿಂದ ಇಂಥ ಮಾತು ಬಂದಿರಲಿಲ್ಲ.

ಬೆಳಿಗ್ಗೆ ಅಂಜಿನಮೂರ್ತಿ ಎಚ್ಚರವಾಗಿ ಬಾಗಿಲಿಗೆ ಅಡ್ಡ ನಿಂತ. ಕೊಲ್ಲಾಪುರಮ್ಮ ಅವನೆದುರು ಹೋಗಿ ನಿಂತಳು. “ನಂಗೆ ಹೊಡಿ ಮೊದ್ಲು” ಅಂದಳು. ಅವನು ಕೈ ಎತ್ತಿದ. ಕೈ ಮೇಲೇ ನಿಂತಿತು. ಆ ಎಡೆಯಲ್ಲಿ ಶೃತಿ ಮಗುವನ್ನು ಎತ್ತಿಕೊಂಡು ಹೊರಗೆ ಓಡಿದಳು. ವ್ಯಾನಿನ ಹಾರನ್ನು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ಅವನು ಕೈ ಇಳಿಸಿ ಗೋಡೆಗೆ ಒರಗಿದ. ಮುಷ್ಟಿಯನ್ನು ಬಾಯಿಗೆ ಒತ್ತಿ ಹಿಡಿದ.

“ಅತ್ತುಬುಡೋ” ಅಂದಳು ಅವಳು. “ಅತ್ತುಬುಡೋ ನನ್ ಕಂದ.”

ಅವನು ಅಳಲಿಲ್ಲ. ಅವಳನ್ನು ಸರಿಸಿ ಕಟ್ಟೆಯ ಕಡೆ ಹೊರಟುಹೋದ.

ಈಗ ಶೃತಿ ಮಧುಗಿರಿಯಲ್ಲಿ ಇನ್ನಿಬ್ಬರು ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಜೊತೆ ಒಂದು ರೂಮಿನಲ್ಲಿದ್ದಾಳೆ. ಕೊಲ್ಲಾಪುರಮ್ಮ ಬಳೆಗೆಂದು ಪೇಟೆಗೆ ಹೋದಾಗಲೆಲ್ಲ ರಾಗಿ ಹಿಟ್ಟು ಕೊಟ್ಟು, ಮಗುವನ್ನು ಸ್ವಲ್ಪ ಹೊತ್ತು ತೊಡೆಯ ಮೇಲೆ ಕೂರಿಸಿಕೊಂಡು ಬರುತ್ತಾಳೆ. ಹೋದ ವಾರ ಸೊಸೆ ಕೈ ಹಿಡಿದು ಕೇಳಿದಳು.

“ಅತ್ತೆ, ನೀವೂ ಇಲ್ಲೇ ಬಂದ್ಬುಡಿ. ಅಲ್ಲಿದ್ದು ಏನ್ ಮಾಡ್ತೀರ? ನಿಮ್ಗೂ ಕೈ ಮಾಡಿದ್ರೆ?”

“ಮಾಡಿದ್ರೆ ಮಾಡ್ಲಿ ಕಣವ್ವ” ಅಂದಳು ಕೊಲ್ಲಾಪುರಮ್ಮ. “ಅವನ್ನ ಯಾರ ಕೈಗೆ ಕೊಟ್ಟು ಬರ್ಲಿ? ಊರ ಕೈಗಾ?”

ಬಸ್ಸಿಗೆ ಹೊತ್ತಾಗಿತ್ತು. ಮಗು ಅವಳ ಸೆರಗು ಬಿಡಲೊಲ್ಲದೆ ಅತ್ತಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬುಟ್ಟಿ ಹೊತ್ತು ಅವಳು ಮೆಟ್ಟಿಲು ಇಳಿದಳು.